13 ಗಂಟೆಯ ರಾತ್ರಿ, ಮಕ್ಕಳ ಕೈಗೆ ಕೆಲಸ: ಪುಣೆ ಸುತ್ತ ಟೆಂಟ್ ಹಾಕುವವರಿಗೆ

ಡಿಸೆಂಬರಿನಲ್ಲಿ ಪುಣೆಯಲ್ಲಿ ಸಂಜೆ 6 ಗಂಟೆಗೆಲ್ಲ ಹೊತ್ತು ಮುಳುಗುತ್ತದೆ. ಸೂರ್ಯ ಮತ್ತೆ ಕಾಣುವುದು ಬೆಳಿಗ್ಗೆ 7ರ ಸುಮಾರಿಗೆ. ಟೆಂಟಿನಲ್ಲಿ ಒಂದು ರಾತ್ರಿ ಅಂದರೆ 13 ಗಂಟೆ. ಮಕ್ಕಳು ಹಗಲೆಲ್ಲ ಎಷ್ಟೇ ಕುಣಿದಿದ್ದರೂ ಒಂಬತ್ತೂವರೆಗೆ ಮೊದಲು ಮಲಗುವುದಿಲ್ಲ. ಕತ್ತಲಾದ ಮೇಲಿನ ಆ ಮೂರೂವರೆ ಗಂಟೆಗೆ ಏನು ಮಾಡಿಸಬೇಕೆಂದು ಮೊದಲೇ ಯೋಚಿಸದೆ ಹೋದರೆ, ಏಳು ಗಂಟೆಗೆ ಅಪ್ಪನ ಫೋನು ಹೊರಗೆ ಬರುತ್ತದೆ. ಅಲ್ಲಿಗೆ ಪವನಾ ಹಿನ್ನೀರಿನ ದಂಡೆಯೂ ಒಂದೇ, ಮನೆಯ ಸೋಫಾವೂ ಒಂದೇ.

ಆದ್ದರಿಂದ ಟೆಂಟು, ಹಾಸಿಗೆ, ತಿಂಡಿಯ ಪಟ್ಟಿಗಿಂತ ಮೊದಲು ಕೈಕೆಲಸದ ಪಟ್ಟಿ ಮಾಡಿಕೊಳ್ಳಿ. ವಾರವಿಡೀ ಮನೆಯಲ್ಲಿ ಕೂತು ಮಾಡಿದ ವಸ್ತು ಶನಿವಾರ ರಾತ್ರಿ ನಿಜವಾಗಿ ಬಳಕೆಗೆ ಬರಬೇಕು. ತಾನು ಮಾಡಿದ ದೀಪದ ಬೆಳಕಿನಲ್ಲಿ ಮನೆಯವರೆಲ್ಲ ಊಟ ಮಾಡಿದರೆ ಮಗುವಿಗೆ ಆ ಜಾಗ ತನ್ನದು ಅನ್ನಿಸುತ್ತದೆ. ಇಲ್ಲಿರುವ ಕೆಲಸಗಳು 7ರಿಂದ 13 ವರ್ಷದವರಿಗೆ ಹೊಂದುತ್ತವೆ. ಚಿಕ್ಕವರಿಗೆ ದೊಡ್ಡವರ ಕೈ ಜೊತೆಗಿರಲಿ.

ಕಾಲ ನವೆಂಬರಿನಿಂದ ಫೆಬ್ರವರಿವರೆಗೆ. ಮಾರ್ಚ್ ನಂತರ ಹುಲ್ಲು ಒಣಗಿ ಬೆಂಕಿಯ ಭಯ, ಜೂನ್‌ನಿಂದ ಮಳೆ. ಮೇ ಕೊನೆಯಲ್ಲಿ ಮಿಂಚುಹುಳ ನೋಡಲು ಭಂಡಾರದರಾ, ರಾಜಮಾಚಿ ಕಡೆ ಹೋಗುವವರದು ಬೇರೆ ಲೆಕ್ಕ. ಮೊದಲ ಸಲಕ್ಕೆ ಮುಳಶಿ, ಪಾನಶೇತ, ಪವನಾ ಕಡೆ ಶೌಚಾಲಯವಿರುವ, ಮಾಲೀಕರು ಅಲ್ಲೇ ವಾಸವಿರುವ ಹೊಲ ನೋಡಿ. ಪವನಾ ದಂಡೆಯಲ್ಲಿ ಶನಿವಾರ ಧ್ವನಿವರ್ಧಕದ ಹಾವಳಿ ಇರುತ್ತದೆ, ಬುಕ್ ಮಾಡುವ ಮೊದಲೇ ಕೇಳಿಕೊಳ್ಳಿ. ಟೆಂಟ್ ನೀರಿನ ಅಂಚಿನಿಂದ ಕನಿಷ್ಠ 50 ಹೆಜ್ಜೆ ದೂರವಿರಲಿ. ಅಣೆಕಟ್ಟಿನ ಹಿನ್ನೀರಿನಲ್ಲಿ ತಳ ಕೆಸರು, ಆಳ ಒಮ್ಮೆಲೇ ಬರುತ್ತದೆ. ಈಜು ಬಲ್ಲ ಮಕ್ಕಳನ್ನೂ ಅಲ್ಲಿ ಇಳಿಸಬಾರದು.

ದೀಪ

ಮೊದಲ ಕೆಲಸ ಇದು. ಬುಧವಾರ ಪೇಠದ ತಾಪಕೀರ್ ಗಲ್ಲಿ, ಪಾಸೋಡ್ಯಾ ವಿಠೋಬಾ ಸುತ್ತಮುತ್ತಲ ಅಂಗಡಿಗಳಲ್ಲಿ ಎಲ್ಲ ಸಾಮಾನೂ ಬಿಡಿಯಾಗಿ ಸಿಗುತ್ತದೆ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಚೀಟಿ ಹಿಡಿದು ಅವರೇ ಕೇಳಲಿ. ಬೇಕಾದದ್ದು: 5 ಮಿ.ಮೀ. ಬಿಳಿ ಎಲ್‌ಇಡಿ 3, 68 ಓಮ್ ರೆಸಿಸ್ಟರ್ (ವಿದ್ಯುತ್ ಹರಿವನ್ನು ತಡೆಯುವ ಬಿಡಿಭಾಗ) 3, ಮೂರು ಎಎ ಸೆಲ್ ಹಿಡಿಯುವ ಹೋಲ್ಡರ್ ಒಂದು, ಒಂದು ಸ್ವಿಚ್, ಎಲೆಕ್ಟ್ರಿಷಿಯನ್‌ಗಳು ಬಳಸುವ ಸ್ಕ್ರೂ ಇರುವ ಪ್ಲಾಸ್ಟಿಕ್ ಕನೆಕ್ಟರ್ ಪಟ್ಟಿ, ಅರ್ಧ ಮೀಟರ್ ತಂತಿ. ಅರೆಪಾರದರ್ಶಕವಾದ 400 ಗ್ರಾಂ ಮೊಸರಿನ ಡಬ್ಬಿಯನ್ನು ತೊಳೆದು ಇಟ್ಟುಕೊಂಡರೆ ಅದೇ ದೀಪದ ಬುರುಡೆ. ಕನೆಕ್ಟರ್ ಇರುವುದರಿಂದ ಸೋಲ್ಡರಿಂಗ್ ಬೇಡ, ಸುಡುವ ಭಯವಿಲ್ಲ.

ಲೆಕ್ಕ ಮಕ್ಕಳಿಗೇ ಬಿಡಿ, ಏಳನೇ ತರಗತಿಯವರಿಗೆ ಸಲೀಸು. ಮೂರು ಸೆಲ್ ಸೇರಿ 4.5 ವೋಲ್ಟ್. ಬಿಳಿ ಎಲ್‌ಇಡಿ ಉರಿಯಲು ಸುಮಾರು 3.2 ವೋಲ್ಟ್ ಬೇಕು. ಉಳಿದ 1.3 ವೋಲ್ಟನ್ನು ರೆಸಿಸ್ಟರ್ ಹೊರಬೇಕು. ವಿದ್ಯುತ್ 20 ಮಿಲಿಆಂಪ್, ಅಂದರೆ 0.02 ಆಂಪ್. ವೋಲ್ಟನ್ನು ಆಂಪಿನಿಂದ ಭಾಗಿಸಿದರೆ ಓಮ್ ಬರುತ್ತದೆ: 1.3 ಭಾಗಿಸು 0.02 ಅಂದರೆ 65, ಅಂಗಡಿಯಲ್ಲಿ ಸಿಗುವ ಹತ್ತಿರದ ಅಳತೆ 68 ಓಮ್. ಪ್ರತಿ ಎಲ್‌ಇಡಿಗೂ ಅದರದೇ ರೆಸಿಸ್ಟರ್ ಜೋಡಿಸಿ, ಆಮೇಲೆ ಮೂರೂ ಜೋಡಿಗಳನ್ನು ಸಮಾನಾಂತರವಾಗಿ ಸೆಲ್‌ಗೆ ಕೊಡಿ. ಮೂರಕ್ಕೂ ಸೇರಿಸಿ ಒಂದೇ ರೆಸಿಸ್ಟರ್ ಹಾಕಿದರೆ ಕೆಲಸವೇನೋ ಆಗುತ್ತದೆ. ಆದರೆ ಒಂದು ಎಲ್‌ಇಡಿ ಹೆಚ್ಚು ಎಳೆದು ಇನ್ನೊಂದು ಮಂಕಾಗುತ್ತದೆ, ಏಕೆಂದರೆ ಯಾವ ಎರಡು ಎಲ್‌ಇಡಿಯೂ ಕರಾರುವಾಕ್ಕಾಗಿ ಒಂದೇ ವೋಲ್ಟಿಗೆ ಉರಿಯುವುದಿಲ್ಲ.

ಉರಿಯದಿದ್ದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಎರಡೇ. ಒಂದು, ಎಲ್‌ಇಡಿ ತಿರುವುಮುರುವು. ಉದ್ದನೆಯ ಕಾಲು ಪಾಸಿಟಿವ್. ಕಾಲು ಕತ್ತರಿಸಿಬಿಟ್ಟಿದ್ದರೆ ಬುಡದ ಅಂಚಿನಲ್ಲಿ ಚಪ್ಪಟೆಯಾಗಿರುವ ಬದಿ ನೆಗೆಟಿವ್. ಎರಡು, ಎಲ್‌ಇಡಿಯ ಕಾಲು ತೀರ ತೆಳ್ಳಗೆ, ಕನೆಕ್ಟರಿನ ಸ್ಕ್ರೂ ಅದನ್ನು ಹಿಡಿಯದೆ ಜಾರಿರುತ್ತದೆ. ಕಾಲನ್ನು ಎರಡು ಮಡಿಕೆ ಮಡಿಚಿ ತೂರಿಸಿ, ಆಮೇಲೆ ಬಿಗಿ ಮಾಡಿ.

ರೀಚಾರ್ಜ್ ಸೆಲ್ ಹಾಕುವವರು ಇನ್ನೊಂದು ಲೆಕ್ಕ ನೋಡಬೇಕು. ಅವು ತಲಾ 1.2 ವೋಲ್ಟ್, ಮೂರು ಸೇರಿದರೆ 3.6. ಅಷ್ಟರಲ್ಲಿ 68 ಓಮ್ ದಾಟಿ ಬರುವ ಬೆಳಕು ಬಲು ಮಂಕು. ನಾಲ್ಕು ಸೆಲ್‌ಗಳ ಹೋಲ್ಡರ್ ತಂದು 82 ಓಮ್ ಹಾಕಿ, ಸರಿಹೋಗುತ್ತದೆ. ಆಲ್ಕಲೈನ್ ಸೆಲ್ ಮೂರು ಹಾಕಿದರೆ ಎರಡು ರಾತ್ರಿಗೆ ಸಾಕು. ಅಗ್ಗದ ಸಾದಾ ಸೆಲ್‌ಗಳು ಮೊದಲ ರಾತ್ರಿಯ ಕೊನೆಗೇ ಸೋಲುತ್ತವೆ. ಡಬ್ಬಿಯ ಮುಚ್ಚಳದೊಳಗೆ ಎಲ್‌ಇಡಿ ಕೆಳಮುಖವಾಗಿ ಅಂಟಿಸಿ, ಮೇಲೆ ದಾರ ಕಟ್ಟಿ ತೂಗುಹಾಕಿದರೆ ನಾಲ್ಕು ಜನ ಊಟ ಮಾಡುವಷ್ಟು ಬೆಳಕು ಬರುತ್ತದೆ. ಟೆಂಟಿನೊಳಗೆ ಮೇಣದಬತ್ತಿ, ಎಣ್ಣೆ ದೀಪ ಎಂದೂ ಬೇಡ. ಟೆಂಟಿನ ಬಟ್ಟೆ ಕ್ಷಣದಲ್ಲಿ ಕರಗಿ ಹೊತ್ತಿಕೊಳ್ಳುತ್ತದೆ.

ತಾಡಪತ್ರಿಯ ಚಪ್ಪರ

ನೀರಿನ ಹತ್ತಿರ ಇಬ್ಬನಿ ಜೋರು. ರಾತ್ರಿ ಹತ್ತಕ್ಕೆಲ್ಲ ಹೊರಗಿಟ್ಟ ಜಮಖಾನ ಹಿಂಡುವಷ್ಟು ಒದ್ದೆಯಾಗುತ್ತದೆ. ಕೂರಲು, ಅಡುಗೆಗೆ 10×12 ಅಡಿಯ ತಾಡಪತ್ರಿ ಕಟ್ಟಿದರೆ ನಾಲ್ವರ ಕುಟುಂಬಕ್ಕೆ ಸಾಕು. ಎರಡು ಮರಗಳ ನಡುವೆ 6 ಅಡಿ ಎತ್ತರದಲ್ಲಿ ಹಗ್ಗ ಎಳೆದು, ಮೇಲೆ ತಾಡಪತ್ರಿ ಹೊದಿಸಿ, ಎರಡೂ ಅಂಚನ್ನು ನೆಲದಿಂದ 3 ಅಡಿಗೆ ಬರುವಂತೆ ಎಳೆದು ಕಟ್ಟಿ.

ಅಗ್ಗದ ತಾಡಪತ್ರಿಯಲ್ಲಿ ಮೊದಲು ಕಿತ್ತುಹೋಗುವುದು ಅಂಚಿನ ಲೋಹದ ಕಣ್ಣು. ಅದನ್ನು ನಂಬುವುದು ಬೇಡ. ನಿಂಬೆಹಣ್ಣಿನ ಗಾತ್ರದ ನುಣುಪು ಕಲ್ಲನ್ನು ತಾಡಪತ್ರಿಯ ಒಳಬದಿಗಿಟ್ಟು, ಬಟ್ಟೆಯನ್ನು ಕಲ್ಲಿನ ಸುತ್ತ ಹಿಡಿದು, ಹಿಂದೆ ಹಗ್ಗದ ಕುಣಿಕೆ ಬಿಗಿಯಿರಿ. ಎಳೆದಷ್ಟೂ ಬಿಗಿಯಾಗುತ್ತದೆ, ಬಟ್ಟೆ ಹರಿಯುವುದಿಲ್ಲ. ಕಲ್ಲು ಆರಿಸುವ, ಕಟ್ಟುವ ಕೆಲಸ ಪೂರ್ತಿ ಮಕ್ಕಳದು. ಚೂಪು ಅಂಚಿನ ಕಲ್ಲು ತಂದರೆ ಮಾತ್ರ ಬದಲಿಸಿ.

ಪುಣೆ ಸುತ್ತಿನ ನೆಲ ಮುರುಮು (ಕಲ್ಲುಚೂರು ಬೆರೆತ ಗಟ್ಟಿ ಮಣ್ಣು), ಅದರ ಕೆಳಗೆ ಕರಿಗಲ್ಲು. ಟೆಂಟಿನ ಜೊತೆ ಬರುವ ಅಲ್ಯುಮಿನಿಯಂ ಗೂಟ ಎರಡು ಏಟಿಗೇ ಬಾಗುತ್ತದೆ. ರವಿವಾರ ಪೇಠದ ಬೋಹ್ರಿ ಆಳಿಯಲ್ಲಿ 8 ಇಂಚಿನ ಕಬ್ಬಿಣದ ಮೊಳೆ 12 ಕೊಂಡುಕೊಳ್ಳಿ. ಮೊಳೆಯ ತಲೆ ಟೆಂಟಿನಿಂದ ಹೊರಗೆ ವಾಲುವಂತೆ ಓರೆಯಾಗಿ ಹೊಡೆಯಬೇಕು. ನೆಟ್ಟಗೆ ಹೊಡೆದರೆ ಗಾಳಿಗೆ ಸಡಿಲವಾಗಿ ಮೇಲೇಳುತ್ತದೆ. ಪ್ರತಿ ಮೊಳೆಯ ಕುತ್ತಿಗೆಗೂ ಹಳೆ ಸೀರೆಯ ಕೆಂಪು ಅಂಚಿನ ಚೂರು ಕಟ್ಟಿಸಿ, ಹಗ್ಗಕ್ಕೂ ಎರಡೆರಡು ಕಡೆ ಕಟ್ಟಿಸಿ. ಕತ್ತಲಲ್ಲಿ ಓಡುವ ಮಕ್ಕಳು ಎಡವಿ ಬೀಳುವುದು ಹೆಚ್ಚಾಗಿ ಈ ಹಗ್ಗಗಳಿಗೇ. ನೈಲಾನ್ ಹಗ್ಗ ಒದ್ದೆಯಾದರೆ ಹಿಗ್ಗುತ್ತದೆ, ಮಲಗುವ ಮುಂಚೆ ಒಮ್ಮೆ ಎಲ್ಲವನ್ನೂ ಮತ್ತೆ ಬಿಗಿ ಮಾಡಿ.

ಹೆಜ್ಜೆಗುರುತಿನ ಅಚ್ಚು

ಈ ಎಲ್ಲದರಲ್ಲೂ ಮಕ್ಕಳನ್ನು ಅತಿ ಹೆಚ್ಚು ಹಿಡಿದಿಡುವುದು ಇದೇ. ಹಿನ್ನೀರಿನ ಅಂಚಿನ ಕೆಸರಿನಲ್ಲಿ ನಾಯಿ, ಎಮ್ಮೆ, ಬೆಳ್ಳಕ್ಕಿ, ನವಿಲು, ಮುಂಗುಸಿ ಎಲ್ಲದರ ಹೆಜ್ಜೆಯೂ ಸಿಗುತ್ತದೆ. ಮಕ್ಕಳ ಕೈ ಹಿಡಿದುಕೊಂಡೇ ಹೋಗಿ, ನಾಲ್ಕು ಗಂಟೆಗೆ ಹುಡುಕಲು ಶುರುಮಾಡಿದರೆ ಐದಕ್ಕೆ ಅಚ್ಚು ಸುರಿಯಬಹುದು.

ಒಂದು ಕಿಲೋ ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿಯಲ್ಲಿ ನಾಲ್ಕೈದು ಅಚ್ಚು ಬರುತ್ತವೆ. ಗಾಳಿಯಾಡದ ಡಬ್ಬಿಯಲ್ಲಿರಲಿ. ಮಳೆಗಾಲದಲ್ಲಿ ತೆರೆದಿಟ್ಟ ಹಳೆ ಪುಡಿ ತೇವ ಹೀರಿಕೊಂಡಿರುತ್ತದೆ, ಎಷ್ಟು ಕಾದರೂ ಗಟ್ಟಿಯಾಗುವುದಿಲ್ಲ. ಬೇಕಾದ ಇನ್ನೊಂದು ಸಾಮಾನು ಬಳೆಯಾಕಾರದ ಗೋಡೆ. ಹಳೆ ಪ್ಲಾಸ್ಟಿಕ್ ಫೈಲಿನಿಂದ 4 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದದ ಪಟ್ಟಿ ಕತ್ತರಿಸಿ, ಸುತ್ತಿ, ಪೇಪರ್ ಕ್ಲಿಪ್ ಹಾಕಿ. ಹೆಜ್ಜೆಯ ಸುತ್ತ ಒಂದೆರಡು ಬೆರಳು ಜಾಗ ಬಿಟ್ಟು ಅದನ್ನು ಕೆಸರಿನಲ್ಲಿ 1 ಸೆಂ.ಮೀ. ಒತ್ತಿ. ಕಡ್ಡಿ, ಎಲೆ ಬಿದ್ದಿದ್ದರೆ ತೆಗೆಯಿರಿ, ಆದರೆ ಹೆಜ್ಜೆಯೊಳಗೆ ಬೆರಳಾಡಿಸಬೇಡಿ.

ಅಳತೆ: ಒಂದು ಲೋಟ ನೀರಿಗೆ ಎರಡು ಲೋಟ ಪುಡಿ. ನೀರಿಗೆ ಪುಡಿ ಉದುರಿಸಬೇಕು. ಪುಡಿಯ ಮೇಲೆ ನೀರು ಸುರಿದರೆ ಗಂಟುಗಳಾಗುತ್ತವೆ. ಒಂದು ನಿಮಿಷ ನೆನೆಯಲು ಬಿಟ್ಟು, ಕಡ್ಡಿಯಿಂದ ನಿಧಾನವಾಗಿ ತಿರುಗಿಸಿದರೆ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಜೋರಾಗಿ ಕಲಕಿದರೆ ಗುಳ್ಳೆ ತುಂಬಿ, ಅಚ್ಚಿನಲ್ಲಿ ಉಗುರಿನ ತುದಿಯೇ ಇರುವುದಿಲ್ಲ. ಹೆಜ್ಜೆಯ ಮೇಲೆ ನೇರ ಸುರಿಯಬೇಡಿ, ಆ ರಭಸಕ್ಕೆ ಗುರುತು ಅಳಿಸಿಹೋಗುತ್ತದೆ. ಪಕ್ಕಕ್ಕೆ ಚಮಚ ಹಿಡಿದು, ಚಮಚದ ಮೇಲೆ ಸುರಿದು ತಾನಾಗಿ ಹರಿದು ತುಂಬಲು ಬಿಡಿ. ದಪ್ಪ 2 ಸೆಂ.ಮೀ.ಗಿಂತ ಕಡಿಮೆಯಾದರೆ ಎತ್ತುವಾಗ ಮುರಿಯುತ್ತದೆ.

ಒಣ ನೆಲದಲ್ಲಿ ಅರ್ಧ ಗಂಟೆ ಸಾಕು, ಹಸಿ ಕೆಸರಿನಲ್ಲಿ ಒಂದು ಗಂಟೆ ಕಾಯಬೇಕು. ಬೆರಳಿನಿಂದ ತಟ್ಟಿದರೆ ಗಟ್ಟಿ ಶಬ್ದ ಬರುವ ತನಕ ಮುಟ್ಟಬೇಡಿ. ಎತ್ತುವಾಗ ಕೆಳಗಿನ ಮಣ್ಣು ಸಮೇತ ಎತ್ತಿ, ಕಾಗದದಲ್ಲಿ ಸುತ್ತಿ ಮನೆಗೆ ತನ್ನಿ. ಪೂರ್ತಿ ಒಂದು ದಿನ ಒಣಗಿದ ಮೇಲೆಯೇ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಬೇಕು. ಅವಸರ ಮಾಡಿ ಅಂದೇ ಸಂಜೆ ತೊಳೆದರೆ ಮೈಯ ಸೂಕ್ಷ್ಮ ಗೆರೆಗಳೆಲ್ಲ ಉಜ್ಜಿ ಹೋಗುತ್ತವೆ.

ಅಚ್ಚು ನೋಡಿ ಪ್ರಾಣಿ ಗುರುತಿಸುವುದು ರಾತ್ರಿಯ ಆಟ. ನಾಯಿಯ ಹೆಜ್ಜೆಯಲ್ಲಿ ನಾಲ್ಕು ಬೆರಳು, ಮುಂದೆ ಉಗುರಿನ ಚುಕ್ಕೆ. ಬೆಕ್ಕಿನ ಜಾತಿ ನಡೆಯುವಾಗ ಉಗುರು ಒಳಗೆಳೆದುಕೊಳ್ಳುವುದರಿಂದ ಚುಕ್ಕೆ ಇರುವುದಿಲ್ಲ. ಮುಂಗುಸಿಗೆ ಐದು ಬೆರಳು. ಬೆಳ್ಳಕ್ಕಿಯ ಹಿಂಬೆರಳು ಉದ್ದ, ನವಿಲಿನದು ಗಿಡ್ಡ.

ಒಂದು ಎಚ್ಚರಿಕೆ: ಕೈಯ ಅಚ್ಚು ತೆಗೆಯುತ್ತೇವೆಂದು ಮಕ್ಕಳು ಹಸಿ ಪ್ಲಾಸ್ಟರಿನಲ್ಲಿ ಕೈ ಹೂತಿಡಬಾರದು. ಗಟ್ಟಿಯಾಗುವಾಗ ಅದು ಚರ್ಮ ಸುಡುವಷ್ಟು ಬಿಸಿಯಾಗುತ್ತದೆ. ಕಲಸಿದ ಡಬ್ಬಿಯನ್ನು ಕೆರೆಯಲ್ಲಿ ತೊಳೆಯುವುದೂ ಬೇಡ. ಒಣಗಿದ ಮೇಲೆ ಅದುಮಿದರೆ ಪುಡಿ ತಾನೇ ಕಳಚಿಕೊಳ್ಳುತ್ತದೆ, ಕಸದ ಚೀಲಕ್ಕೆ ಹಾಕಿ ವಾಪಸ್ ತನ್ನಿ.

ಧ್ರುವ ನಕ್ಷತ್ರ ಅಳೆಯುವ ಕೋನಮಾಪಕ

ಕಂಪಾಸ್ ಪೆಟ್ಟಿಗೆಯ ಕೋನಮಾಪಕ, ಒಂದು ಸ್ಟ್ರಾ, ಒಂದಡಿ ದಾರ, ಒಂದು ನಟ್. ಸ್ಟ್ರಾವನ್ನು ಕೋನಮಾಪಕದ ನೇರ ಅಂಚಿಗೆ ಟೇಪ್ ಹಚ್ಚಿ ಅಂಟಿಸಿ. ದಾರವನ್ನು ನಡುವಿನ ಕೇಂದ್ರಬಿಂದುವಿಗೇ ಕಟ್ಟಬೇಕು. ಅದು ಅಂಚಿನಿಂದ ಸ್ವಲ್ಪ ಒಳಗಿರುತ್ತದೆ, ಅಂಚಿಗೆ ಕಟ್ಟಿದರೆ ಎಲ್ಲ ಓದೂ ತಪ್ಪು. ದಾರದ ತುದಿಗೆ ನಟ್. ಕಮಾನು ಕೆಳಗೆ ಬರುವಂತೆ ಹಿಡಿದು ಸ್ಟ್ರಾವನ್ನು ನೆಲಕ್ಕೆ ಸಮವಾಗಿಸಿದರೆ ದಾರ 90ರ ಮೇಲೆ ನಿಲ್ಲುತ್ತದೆ. ನಕ್ಷತ್ರಕ್ಕೆ ಗುರಿಯಿಟ್ಟಾಗ 90ರಿಂದ ದಾರ ಎಷ್ಟು ಸರಿಯಿತೋ ಅಷ್ಟೇ ಆ ನಕ್ಷತ್ರದ ಎತ್ತರ. ಒಬ್ಬರು ಸ್ಟ್ರಾದಲ್ಲಿ ನೋಡಲಿ, ಇನ್ನೊಬ್ಬರು ದಾರ ಅಲುಗಾಟ ನಿಲ್ಲಿಸಿದಾಗ ಕೋನಮಾಪಕಕ್ಕೆ ಒತ್ತಿ ಹಿಡಿದು ಓದಲಿ. ಮೂರು ಸಲ ಓದಿ ಸರಾಸರಿ ತೆಗೆಯಿರಿ. ಹಗಲಿನಲ್ಲಿ ಅಭ್ಯಾಸಕ್ಕೆ ತಿಕೋನಾ, ತುಂಗ ಕೋಟೆಗಳ ತುದಿ ಇದ್ದೇ ಇದೆ. ಸೂರ್ಯನ ಕಡೆಗೆ ಮಾತ್ರ ಎಂದೂ ತಿರುಗಿಸಬಾರದು.

ಡಿಸೆಂಬರ್ ಕೊನೆ, ಜನವರಿ ಮೊದಲ ವಾರದಲ್ಲಿ ರಾತ್ರಿ 8ಕ್ಕೆ ಸಪ್ತರ್ಷಿ ಇನ್ನೂ ಮೇಲೆ ಬಂದಿರುವುದಿಲ್ಲ. ಉತ್ತರಕ್ಕೆ ತಿರುಗಿ ಇಂಗ್ಲಿಷಿನ ಎಂ ಅಕ್ಷರದಂತೆ ಕಾಣುವ ಐದು ನಕ್ಷತ್ರಗಳ ಕ್ಯಾಸಿಯೋಪಿಯಾ ಹುಡುಕಿ. ಅದರ ಕೆಳಗೆ, ಕ್ಷಿತಿಜದಿಂದ ಎರಡು ಮುಷ್ಟಿಯಷ್ಟು ಮೇಲೆ, ಅಕ್ಕಪಕ್ಕ ಬೇರೆ ಪ್ರಕಾಶದ ನಕ್ಷತ್ರವಿಲ್ಲದೆ ನಿಂತಿರುವುದು ಧ್ರುವ. ಕೈ ಪೂರ್ತಿ ಚಾಚಿದಾಗ ಒಂದು ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಮಕ್ಕಳ ಕೈ ಗಿಡ್ಡವಾದರೂ ಮುಷ್ಟಿಯೂ ಚಿಕ್ಕದೇ ಆಗಿರುವುದರಿಂದ ಲೆಕ್ಕ ಹೆಚ್ಚುಕಡಿಮೆ ಹೊಂದುತ್ತದೆ. ಉತ್ತರಕ್ಕೆ ಗುಡ್ಡ ಅಡ್ಡವಿದ್ದರೆ ಧ್ರುವ ಕಾಣದು, ಜಾಗ ಆರಿಸುವಾಗಲೇ ಇದನ್ನು ನೋಡಿಕೊಳ್ಳಿ.

ಸರಿಯಾಗಿ ಅಳೆದರೆ 18ರಿಂದ 19 ಡಿಗ್ರಿ ಬರುತ್ತದೆ. ಅದೇ ಪುಣೆಯ ಅಕ್ಷಾಂಶ, 18.5. ಕೋನಮಾಪಕವನ್ನು ಎಸೆಯಬೇಡಿ. ಬೇಸಿಗೆ ರಜೆಗೆ ಧಾರವಾಡಕ್ಕೆ ಹೋದಾಗ ಅಜ್ಜಿಯ ಮನೆಯ ಮಾಳಿಗೆ ಹತ್ತಿ ಅಳೆದರೆ ಧ್ರುವ 15.5ಕ್ಕೆ ಇಳಿದಿರುತ್ತದೆ, ಮಂಗಳೂರಿನಲ್ಲಿ 13ಕ್ಕೆ. ಭೂಮಿ ಗುಂಡಗಿದೆ ಎಂದು ಪುಸ್ತಕದಲ್ಲಿ ಓದಿದ್ದನ್ನು ಮಗು ತನ್ನ ಕೈಯಿಂದಲೇ ಅಳೆದು ನೋಡಿದ ಹಾಗಾಯಿತು.

ಉತ್ತರ ಮುಗಿದ ಮೇಲೆ ಪೂರ್ವಕ್ಕೆ ತಿರುಗಿ. ನೆತ್ತಿಯ ಹತ್ತಿರ ಕೃತ್ತಿಕೆಯ ಗೊಂಚಲು, ಅದರ ಕೆಳಗೆ ಕೆಂಪು ಛಾಯೆಯ ರೋಹಿಣಿ, ಇನ್ನೂ ಕೆಳಗೆ ಸಾಲಾಗಿ ಮೂರು ನಕ್ಷತ್ರ. ಆ ಮೂರರ ಗೆರೆಯನ್ನು ಕೆಳಕ್ಕೆ ಎಳೆದರೆ ಆಗಷ್ಟೇ ಮೇಲೆದ್ದ ಲುಬ್ಧಕ, ರಾತ್ರಿಯ ಆಕಾಶದ ಅತಿ ಪ್ರಕಾಶಮಾನ ನಕ್ಷತ್ರ. ಟಾರ್ಚುಗಳಿಗೆ ಕೆಂಪು ಜಿಲೆಟಿನ್ ಕಾಗದ ಕಟ್ಟಿ, ಇಲ್ಲವಾದರೆ ಕತ್ತಲಿಗೆ ಹೊಂದಿಕೊಂಡ ಕಣ್ಣು ಮತ್ತೆ ಹೊಂದಲು ಇಪ್ಪತ್ತು ನಿಮಿಷ ಬೇಕು.

ಹಗಲಿನ ಜೋಡಿ ಕೆಲಸ ನೆರಳಿನದು. 1 ಮೀಟರ್ ಕೋಲು ನೆಟ್ಟಗೆ ನೆಟ್ಟು, 12ರಿಂದ 1ರವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಹರಳು ಇಡಿಸಿ. ನೆರಳು ಅತಿ ಗಿಡ್ಡವಾಗುವುದು 12 ಗಂಟೆಗಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಪುಣೆ ಇರುವುದು 73.9ರ ಹತ್ತಿರ, ಡಿಗ್ರಿಗೆ 4 ನಿಮಿಷದಂತೆ ಸುಮಾರು 35 ನಿಮಿಷ ಹಿಂದೆ. ಡಿಸೆಂಬರ್ ಕೊನೆಗೆ 12:35ರ ಸುಮಾರಿಗೆ ನೆರಳು 90 ಸೆಂ.ಮೀ. ಇರುತ್ತದೆ. ಸೂರ್ಯನ ನಡಿಗೆ ವರ್ಷವಿಡೀ ಒಂದೇ ಸಮ ಇರುವುದಿಲ್ಲ, ನವೆಂಬರ್ ಮೊದಲ ವಾರ ಹೋದರೆ 12:20ಕ್ಕೇ, ಫೆಬ್ರವರಿ ನಡುವೆ 12:50ರ ಹತ್ತಿರ.

ಊಟ, ಬೆಂಕಿ, ಹಾಸಿಗೆ

ರಾತ್ರಿಯ ಊಟ ಮನೆಯಿಂದಲೇ ಇರಲಿ: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಒಂದು ಪಲ್ಯ. ಅಡುಗೆಯಲ್ಲೇ ಸಂಜೆ ಕಳೆದರೆ ಬೇರೆ ಯಾವುದಕ್ಕೂ ಹೊತ್ತಿರುವುದಿಲ್ಲ. ಆದರೆ ಡಿಸೆಂಬರಿನಿಂದ ಫೆಬ್ರವರಿವರೆಗೆ ಹೊಲದವರು ಹುರ್ಡಾ (ಕೆಂಡದಲ್ಲಿ ಸುಟ್ಟ ಎಳೆ ಜೋಳ) ಮಾಡುವುದಾದರೆ ಬಿಡಬೇಡಿ. ನಮ್ಮ ಕಡೆಯ ಸೀತನಿಯೇ ಅದು, ಮಕ್ಕಳ ಕೈಗೆ ಇದಕ್ಕಿಂತ ಒಳ್ಳೆಯ ಅಡುಗೆ ಕೆಲಸವಿಲ್ಲ. ಒಂದಡಿ ಅಗಲ, ಅರ್ಧ ಅಡಿ ಆಳದ ಗುಂಡಿಯಲ್ಲಿ ಐದಾರು ಕುಳ್ಳು ಹೊತ್ತಿಸಿ, ಜ್ವಾಲೆ ಪೂರ್ತಿ ಆರಿ ಕೆಂಡ ಬೂದಿಯಾದ ಮೇಲೆ ಎಳೆ ಜೋಳದ ತೆನೆಗಳನ್ನು ಹೂತು, ತಿರುಗಿಸುತ್ತ ಎರಡು ಮೂರು ನಿಮಿಷ ಬಿಡಿ. ಜ್ವಾಲೆಯಲ್ಲಿ ಹಿಡಿದರೆ ಹೊಟ್ಟು ಸುಟ್ಟು ಕಾಳು ಹಸಿಯಾಗೇ ಉಳಿಯುತ್ತದೆ. ಬಿಸಿ ಇರುವಾಗಲೇ ಗೋಣಿಯ ಮೇಲೆ ಉಜ್ಜಿದರೆ ಕಾಳು ಬಿಡುತ್ತದೆ, ಆರಿದರೆ ಅಂಟಿಕೊಂಡು ಕೂರುತ್ತದೆ. ಕಾಳನ್ನು ಉಗುರಿನಿಂದ ಒತ್ತಿದಾಗ ಹಾಲು ಜಿನುಗಿದರೆ ತೆನೆ ಹದ.

ಅರಣ್ಯ ಇಲಾಖೆಯ ಜಾಗದಲ್ಲಿ ಬೆಂಕಿ ಹಾಕಲೇಬಾರದು. ಹೊಲದಲ್ಲೂ ಸುತ್ತ ಹತ್ತು ಅಡಿ ಒಣಹುಲ್ಲು ತೆಗೆದು, ಪಕ್ಕದಲ್ಲಿ ಎರಡು ಕೊಡ ನೀರಿಟ್ಟುಕೊಂಡೇ ಹೊತ್ತಿಸಿ. ಚಳಿಯೆಂದು ಶೇಗಡಿಯನ್ನು (ಕೆಂಡದ ಒಲೆ) ಟೆಂಟಿನೊಳಗೆ ಒಯ್ಯಬೇಡಿ, ಬಾಗಿಲು ತೆರೆದಿದ್ದರೂ ಬೇಡ, ಕೆಂಡ ಆರಿದಂತೆ ಕಂಡರೂ ಬೇಡ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಚಳಿ ಹೆಚ್ಚಾಗಿ ಬರುವುದು ನೆಲದಿಂದ. ಕೌದಿ ಎರಡಿದ್ದರೆ ಒಂದು ಕೆಳಗೆ ಹೋಗಲಿ, ಅದರಡಿ 10 ಮಿ.ಮೀ. ಫೋಮ್ ಹಾಳೆ. ಹಳೆ ಕಾಟನ್ ಸೀರೆಯಿಂದ ಒಳಚೀಲ ಹೊಲಿಯುವುದು ಸುಲಭ: 3.2 ಮೀಟರ್ ಕತ್ತರಿಸಿ ಮಡಿಚಿದರೆ 1.6 ಮೀಟರ್ ಉದ್ದ, ಒಂದು ಬದಿ ಪೂರ್ತಿ, ಇನ್ನೊಂದು ಬದಿಯಲ್ಲಿ ಮೇಲಿನ 40 ಸೆಂ.ಮೀ. ಬಿಟ್ಟು ಹೊಲಿಗೆ. ಉಳಿದ ತುಂಡಿನಲ್ಲಿ ಚಿಕ್ಕವರಿಗೂ ಒಂದಾಗುತ್ತದೆ. ಟೆಂಟಿನ ಮೇಲಿನ ಗಾಳಿಕಿಂಡಿ ಮುಚ್ಚಿದರೆ ನಾಲ್ವರ ಉಸಿರಿನ ತೇವ ಬೆಳಗಿನ ಜಾವ ಮೇಲಿಂದ ತೊಟ್ಟಿಕ್ಕುತ್ತದೆ.

ಚೇಳು, ಹಾವು

ಟೆಂಟಿನ ಜಿಪ್ ಒಂದು ನಿಮಿಷಕ್ಕೂ ತೆರೆದಿರಬಾರದು. ಮರಾಠಿಯವರು ಮಣ್ಯಾರ್ ಎನ್ನುವ ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನೇ ಕಚ್ಚುವುದು ಹೆಚ್ಚು, ಕಚ್ಚಿದ್ದು ಎಷ್ಟೋ ಸಲ ತಿಳಿಯುವುದೂ ಇಲ್ಲ. ಬೂಟು ಟೆಂಟಿನೊಳಗೇ ಇರಲಿ, ಬೆಳಿಗ್ಗೆ ಕೊಡವಿ ಹಾಕಿಕೊಳ್ಳಲಿ. ಜುನ್ನರ್ ಕಡೆ ಕಬ್ಬಿನ ಹೊಲಗಳಲ್ಲಿ ಚಿರತೆಗಳಿವೆ. ಅಲ್ಲಿ ಮಾತ್ರವಲ್ಲ, ಎಲ್ಲೇ ಆದರೂ ಮಕ್ಕಳು ರಾತ್ರಿ ಒಬ್ಬರೇ ಶೌಚಕ್ಕೆ ಹೋಗಬಾರದು.

ಚೇಳಿನ ಭಯವನ್ನು ಆಟವಾಗಿ ಬದಲಿಸಬಹುದು. ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚಿನ ಬೆಳಕಿನಲ್ಲಿ ಚೇಳು ಹಸಿರುನೀಲಿಯಾಗಿ ಹೊಳೆಯುತ್ತದೆ. ಪೂರ್ತಿ ಮುಚ್ಚಿದ ಬೂಟು ಹಾಕಿ, ದೊಡ್ಡವರು ಮುಂದೆ ನಡೆದು, ಮಲಗುವ ಮುಂಚೆ ಟೆಂಟಿನ ಸುತ್ತ ಒಂದು ಸುತ್ತು ಹಾಕಿ. ಕಲ್ಲು ಎತ್ತುವುದು ಬೇಡ, ಟಾರ್ಚು ಯಾರ ಕಣ್ಣಿಗೂ ಬೇಡ. ಈ ಭಾಗದ ಕೆಂಪು ಚೇಳಿನ ವಿಷ ಮಕ್ಕಳ ಹೃದಯಕ್ಕೇ ಅಪಾಯ. ಕುಟುಕಿದ ಮೇಲೆ ವಾಂತಿ, ವಿಪರೀತ ಬೆವರು, ಕೈಕಾಲು ತಣ್ಣಗಾಗುವುದು ಕಂಡರೆ ಒಂದು ಕ್ಷಣವೂ ಕಾಯಬಾರದು. ಲಕ್ಷಣ ಕಾಣದಿದ್ದರೂ ಮಗುವನ್ನು ಆಸ್ಪತ್ರೆಗೆ ಒಯ್ಯಿರಿ. ಇದಕ್ಕೆ ಪ್ರಜೋಸಿನ್ ಔಷಧ ಕೆಲಸ ಮಾಡುತ್ತದೆಂದು ತೋರಿಸಿಕೊಟ್ಟವರು ಕೊಂಕಣದ ಮಹಾಡ್‌ನ ಡಾ. ಹಿಮ್ಮತ್‌ರಾವ್ ಬಾವಸ್ಕರ್, 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹೊರಡುವ ಮೊದಲೇ ಹತ್ತಿರದ ಗ್ರಾಮೀಣ ಆಸ್ಪತ್ರೆ ಯಾವುದು, ಎಷ್ಟು ದೂರ ಎಂದು ಬರೆದಿಟ್ಟುಕೊಳ್ಳಿ. ಆಂಬುಲೆನ್ಸಿಗೆ 108. ಕೆಲವು ಕಣಿವೆಗಳಲ್ಲಿ ಫೋನ್ ಸಿಗ್ನಲ್ ಇರುವುದಿಲ್ಲ, ಸಿಗ್ನಲ್ ಎಲ್ಲಿ ಸಿಗುತ್ತದೆಂದು ಹಗಲಲ್ಲೇ ಹುಡುಕಿಡಿ.

ಹೊರಡುವಾಗ ಕೊನೆಯ ಕೆಲಸ ಮೊಳೆ ಎಣಿಸುವುದು, ಅದೂ ಮಕ್ಕಳದೇ. ಹೊಡೆದದ್ದು 12 ಆದರೆ ಕಿತ್ತದ್ದೂ 12 ಆಗಬೇಕು. ಕೆಂಪು ಚೂರು ಕಟ್ಟಿರುವುದರಿಂದ ಹುಡುಕುವುದು ಕಷ್ಟವಲ್ಲ. ಒಂದು ಉಳಿದರೂ ಅದು ಎಮ್ಮೆಯ ಗೊರಸಿಗೋ ಟ್ರ್ಯಾಕ್ಟರ್ ಟೈರಿಗೋ ಹೊಕ್ಕುತ್ತದೆ, ಮುಂದಿನ ಸಲ ಆ ಹೊಲದವರು ಯಾರಿಗೂ ಜಾಗ ಕೊಡುವುದಿಲ್ಲ.